ಸಾವಕಾರನ ಹೊಟ್ಟೆಯೊಳಗಿನ ಗುಲಾಬಿ ಎಳೆ

ನನ್ನ ಹೆಂಡತಿ ನೀಲಾಂಬಿಕಾ ದನದ ಡಾಕ್ಟರು. ಹಾಗೆನ್ನಬಾರದು, ಪಶುವೈದ್ಯೆ ಎನ್ನಬೇಕು ಎಂದು ಆಕೆ ನನ್ನನ್ನು ತಿದ್ದುತ್ತಾಳೆ. ನಾನು ತಿದ್ದಿಕೊಂಡರೂ ಊರು ತಿದ್ದಿಕೊಳ್ಳಬೇಕಲ್ಲ. ಹಾನಗಲ್ಲಿನಲ್ಲಿ ನನ್ನದು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಬೋರ್ಡಿನ ಮೇಲೆ ಮಹಾಂತೇಶ ಎಂದು ದೊಡ್ಡದಾಗಿ ಬರೆಸಿದ್ದೇನೆ. ಬರುವ ರೈತರು ಮಾತ್ರ 'ದನದ ಡಾಕ್ಟರ ಯಜಮಾನ್ರ ಅಂಗಡಿ ಇದ ಏನ್ರಿ' ಎಂದೇ ಕೇಳುತ್ತಾರೆ. ಮೊದಮೊದಲು ಮೈ ಉರಿಯುತ್ತಿತ್ತು. ಈಗ ಹೌದು ಎಂದು ಹೇಳಿ ಮೋಟಾರು ಇಳಿಸಿಕೊಳ್ಳುತ್ತೇನೆ.

ಆಕೆ ಸವಣೂರಿನವಳು. ಅಲ್ಲಿ ಅವರದು ವೀಳ್ಯದೆಲೆಯ ತೋಟ. ಬಳ್ಳಿಗೆ ಚುಕ್ಕೆ ರೋಗ ಬಿದ್ದರೆ ಅವರಪ್ಪ ಬೈಯುತ್ತ ಎಲೆ ಹರಿದು ಒಗೆಯುತ್ತಿದ್ದರಂತೆ. ಈಕೆ ಅದೇ ಎಲೆಗಳನ್ನು ಆಯ್ದು ತಂದು, ಅಜ್ಜನ ಓದುವ ಕನ್ನಡಕವನ್ನು ಮೇಲೆ ಹಿಡಿದು, ಚುಕ್ಕೆಯೊಳಗೆ ಏನಿದೆ ಎಂದು ನೋಡುತ್ತ ಕೂತಿರುತ್ತಿದ್ದಳಂತೆ. ಬೀದರಿನಲ್ಲಿ ಕಲಿಯುವಾಗ ಜೊತೆಯವರು ಕುದುರೆ, ಆನೆ ಎಂದು ಕನಸು ಕಂಡರೆ ಈಕೆಗೆ ಕಣ್ಣಿಗೆ ಕಾಣದ ಜೀವಗಳ ಮೇಲೆಯೇ ಪ್ರೀತಿ. ಆದರೆ ನೌಕರಿಗೆ ಸೇರಿದ ಮೇಲೆ, ಮೊದಲು ಶಿಗ್ಗಾಂವಿ ತಾಲೂಕಿನ ಗೊಟಗೋಡಿ ಕಡೆ, ಆಮೇಲೆ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಲ್ಲಿ, ವರ್ಷಗಟ್ಟಲೆ ಆಕೆ ಕಂಡದ್ದು ಎಮ್ಮೆಯ ಬೆನ್ನು ಮತ್ತು ಆಕಳ ಬಾಲ. ಲಸಿಕೆ ಹಾಕು, ಗರ್ಭ ಕಟ್ಟಿಸು, ಉಬ್ಬಿದ ಹೊಟ್ಟೆ ಇಳಿಸು. ಬೇಸರವಾದಾಗ ನೋಡಲೆಂದು ಹಳೆಯ ಮೈಕ್ರೋಸ್ಕೋಪೊಂದನ್ನು ತಂದು ನಮ್ಮ ಅಡಿಗೆಮನೆಯ ಕಿಟಕಿ ಕಟ್ಟೆಯ ಮೇಲೆ ಇಟ್ಟಳು. ಮನೆಯಲ್ಲಿ ಒಳ್ಳೆಯ ಬೆಳಕು ಬೀಳುವ ಜಾಗ ಅದೊಂದೇ ಅಂತೆ.

ಉಪ್ಪಿನಕಾಯಿ ಭರಣಿಯ ಪಕ್ಕ ಕುರಿಯ ಹಿಕ್ಕೆ ಇಟ್ಟುಕೊಂಡು ನೋಡುವವಳ ಜೊತೆ ಸಂಸಾರ ಮಾಡುವುದೆಂದರೆ ಏನೆಂದು ನನ್ನನ್ನು ಕೇಳಿ. ನನಗೆ ಕೀವು ಕಂಡರೆ ತಲೆ ತಿರುಗುತ್ತದೆ, ಬೆಕ್ಕು ಕಂಡರೆ ಮೈ ಮುಳ್ಳಾಗುತ್ತದೆ. ದೇವರು ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ಕಳಿಸಿದ.

ಅವತ್ತು ಚಿಕ್ಕೇರೂರಿನ ಪಶು ಆಸ್ಪತ್ರೆಯ ನೀರಿನ ಮೋಟಾರು ಸುಟ್ಟಿತ್ತು, ಅದನ್ನು ಬಿಚ್ಚಲು ನಾನು ಹೋಗಿದ್ದೆ. ಗೋವಿನಜೋಳ ಬೆಳೆಯುವ ಗುದ್ಲೆಪ್ಪ ಎಂಬ ರೈತ ಸಂತೆಯ ಚೀಲವೊಂದನ್ನು ಎದೆಗೆ ಅವಚಿಕೊಂಡು ಬಂದ. ಚೀಲದ ಬಾಯಿಂದ ಹಳದಿ ಗಂಡುಬೆಕ್ಕಿನ ಮುಖ ಹೊರಗೆ ಬಂದಿತ್ತು. ಎಮ್ಮೆ ಹಿಡಿದುಕೊಂಡು ನಿಂತಿದ್ದವರೆಲ್ಲ ನಕ್ಕರು. ನಮ್ಮ ಕಡೆ ಎತ್ತಿಗೆ ಜ್ವರ ಬಂದರೆ ಮನೆಮಂದಿ ಉಪವಾಸ ಬೀಳುತ್ತಾರೆ, ಬೆಕ್ಕನ್ನು ಆಸ್ಪತ್ರೆಗೆ ತರುವವರಿಲ್ಲ.

"ಇದು ನನ್ನ ಬೆಕ್ಕಲ್ರಿ ಅಕ್ಕಾರ," ಎಂದು ಗುದ್ಲೆಪ್ಪ ಮೊದಲೇ ಹೇಳಿಬಿಟ್ಟ. "ಮನ್ಯಾಗ ಇರತೇತಿ, ಅಷ್ಟ."

"ಹೆಸರೇನ್ರಿ ಇದರದು?"

"ಸಾವಕಾರ."

ತನ್ನದಲ್ಲದ ಬೆಕ್ಕಿಗೆ ಆತ ಹೆಸರಿಟ್ಟಿದ್ದ. ಅದರ ಕತ್ತಿಗೆ ಕರಿದಾರ ಕಟ್ಟಿದ್ದ. ಚೀಲದೊಳಗೆ ಹಾಸಿದ್ದ ಹೊದಿಕೆ ಆತನದೇ ಹೆಗಲ ವಸ್ತ್ರ. ನೀಲಾ ನಗಲಿಲ್ಲ. ಬೆಕ್ಕನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದಳು. ಹೊಟ್ಟೆಯ ಕೆಳಗೆ, ಹಿಂಗಾಲಿನ ಸಂದಿಯಲ್ಲಿ ಚರ್ಮ ಗಟ್ಟಿಯಾಗಿ ಊದಿಕೊಂಡಿತ್ತು, ಅದರ ತುಂಬ ಸಣ್ಣ ಸಣ್ಣ ತೂತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯಿಂದ ಕೀವು ಬಂತು. ನಾನು ಮೋಟಾರಿನ ಕಡೆ ಮುಖ ತಿರುಗಿಸಿದೆ.

ಬೆಕ್ಕುಗಳ ಕಾದಾಟದ ಗಾಯವೆಂದು ಆಕೆ ಎಲ್ಲರೂ ಕೊಡುವ ಔಷಧ ಕೊಟ್ಟಳು. ಗಾಯ ಮುಚ್ಚಿದಂತೆ ಮಾಡಿ ಪಕ್ಕದಲ್ಲಿ ಹೊಸದಾಗಿ ಬಾಯಿ ತೆರೆಯಿತು. ಔಷಧ ಬದಲಿಸಿದಳು, ಕೀವನ್ನು ನಗರದ ಲ್ಯಾಬೊಂದಕ್ಕೂ ಕಳಿಸಿದಳು. ಮತ್ತೆ ಅದೇ. ಮೂರನೆಯ ಸಲ ಗುದ್ಲೆಪ್ಪ ಬಂದಾಗ ಬೆಕ್ಕು ಬಡಕಲಾಗಿತ್ತು, ಆತನೂ ಅಷ್ಟೇ ಬಡಕಲಾಗಿದ್ದ. ಹೆಂಡತಿ ಸರೋಜವ್ವ ಕಡೆಯ ಮಾತು ಹೇಳಿಬಿಟ್ಟಿದ್ದಾಳೆ ಎಂದ. ಮಗಳು ಮಂಜುಳಾ ಸೀಮಂತದ ಕುಬಸ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಇಂಥ ಬೆಕ್ಕು ಇರುವ ಮನೆಗೆ ಹಸಿಗೂಸನ್ನು ತರುವುದಿಲ್ಲ ಎಂಬುದು ಸರೋಜವ್ವನ ಹಟ.

"ಮನಿ ತುಂಬ ಮಂದಿ ಅದಾರ್ರಿ ಅಕ್ಕಾರ," ಎಂದ ಗುದ್ಲೆಪ್ಪ, ನೆಲ ನೋಡುತ್ತ. "ನಾ ಬಾಯಿ ತಗದ್ರ ಎದ್ದು ಹೋಗದ ಕುಂತು ಕೇಳೂದು ಇದೊಂದ."

ಸಂಜೆ ನೀಲಾ ಗುದ್ಲೆಪ್ಪನ ಮನೆಗೇ ಹೊರಟಳು. ಬೈಕು ನನ್ನದು, ಹಾಗಾಗಿ ನಾನೂ ಹೋದೆ. ಸರೋಜವ್ವ ಕಸೂತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಕುಂತ್ರಿ ಎಂದಳು, ಚಹಾ ಕೊಟ್ಟಳು, ಆಮೇಲೆ ನೇರ ವಿಷಯಕ್ಕೆ ಬಂದಳು.

"ಒಂದ ಮಾತು ಕೇಳ್ತೇನಿ, ಖರೇ ಹೇಳ್ರಿ. ಇದು ಕೂಸಿಗೆ ಹತ್ತೂದಿಲ್ಲ ಅಂತ ನೀವು ಹೇಳ್ತೀರೇನು?"

ಯಾರೇ ಆದರೂ 'ಇಲ್ರಿ, ಅಂಜಬ್ಯಾಡ್ರಿ' ಎಂದು ಹೇಳಿ ಎದ್ದು ಬರುತ್ತಿದ್ದರು. ನನ್ನ ಹೆಂಡತಿಗೆ ಅಷ್ಟು ಸುಳ್ಳು ಹೇಳಲೂ ಬರುವುದಿಲ್ಲ.

"ಈಗ ಹೇಳಾಕ ಬರೂದಿಲ್ರಿ. ಏನು ರೋಗ ಅಂತ ನನಗ ಇನ್ನೂ ಗೊತ್ತಾಗಿಲ್ಲ. ಕ್ಷಯದ ಜಾತಿದು ಏನರ ಇದ್ರ ಬೆಕ್ಕು ಮನ್ಯಾಗ ಇರಬಾರದು. ಅಷ್ಟ ಅಲ್ಲ, ಅದನ್ನ ಉಳಸೂದೂ ಬ್ಯಾಡ ಅಂತ ನಾನ ಹೇಳಬೇಕಾಗ್ತೇತಿ."

"ಹಂಗಾರ ಮಾತು ಮುಗೀತು. ಕೂಸು ಮನಿಗೆ ಬರೂದ್ರಾಗ ಗಾಯ ಮುಚ್ಚಿ, ನೀವು ಅಂಜಿಕಿಲ್ಲ ಅಂತ ಹೇಳಿದ್ರ ಇರವಲ್ದ್ಯಾಕ. ಇಲ್ಲಂದ್ರ ಬಂಕಾಪುರದ ಕ್ವಾಟಿಗೆ ಬಿಟ್ಟು ಬರ್ಲಿ ಇವರು. ಅಲ್ಲೆ ಅಡವ್ಯಾಗ ನವಲು ಅದಾವ, ಬೆಕ್ಕೂ ಒಂದಿರ್ಲಿ."

ಹೆಂಗಸು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ನನಗೆ ಸಿಟ್ಟು ತರಿಸಿತು. ಗುದ್ಲೆಪ್ಪ ಬೆಕ್ಕಿನ ಕಿವಿ ಸವರುತ್ತ ಹೆಂಡತಿಗೆ ಆಗಲಿ ಎಂದ.

ಹೊರಡುವಾಗ ನೀಲಾ ಅಂಗಳದಲ್ಲಿ ನಿಂತು ಕೇಳಿದಳು. "ಮೊಟ್ಟಮೊದಲ ಗಾಯ ಹೆಂಗಾತ್ರಿ? ಏನ ಹಚ್ಚಿದ್ರಿ ಅದಕ್ಕ?"

"ಹೆಗ್ಗಣದ ಕೂಡ ಗುದ್ಯಾಡಿತ್ರಿ, ಚೀಲ ಇಡೂ ಕ್ವಾಣ್ಯಾಗ. ಕಚ್ಚಿತ್ತು," ಎಂದ ಆತ. ಸ್ವಲ್ಪ ತಡೆದು, "ಹುತ್ತದ ಮಣ್ಣು ಹಚ್ಚಿದ್ನಿರಿ. ನಮ್ಮಪ್ಪ ಎತ್ತಿಗೆ ಹಚ್ಚತಿದ್ದ. ನಾಗಪ್ಪನ ಮಣ್ಣು, ಕೆಟ್ಟದ್ದಾಗೂದಿಲ್ಲ ಅಂತ ಗಾಯದಾಗ ತುಂಬಿ ಕಟ್ಟಿದ್ನಿ."

ಇನ್ನೇನು ಬೈಗುಳ ಬೀಳುತ್ತದೆ ಎಂದು ಕಾದೆ. ನೀಲಾಳ ಕಣ್ಣು ನೋಡಿದರೆ ಬೇರೆಯೇ ಆಗಿತ್ತು. ಮಣ್ಣು, ಮಣ್ಣು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಗುದ್ಲೆಪ್ಪನ ಮುಖ ಕಪ್ಪಿಟ್ಟಿತು.

"ನನ್ನ ಕೈಯಾರೆ ಮಾಡಿದ್ನೇನ್ರಿ ಅಕ್ಕಾರ?"

"ಗೊತ್ತಿಲ್ರಿ. ಹೆಗ್ಗಣದ ಬಿಲದಾಗೂ ಅದ ಮಣ್ಣು ಇರತೇತಿ. ಇನ್ನ ಮುಂದ ಹಚ್ಚಬ್ಯಾಡ್ರಿ, ಅಷ್ಟ. ಆದ್ರ ನೀವು ಹೇಳಿದ್ದು ಚಲೋ ಆತು. ಭಾಳ ಚಲೋ ಆತು."

ದಾರಿಯುದ್ದಕ್ಕೂ ಆಕೆ ನನ್ನ ಬೆನ್ನ ಹಿಂದೆ ಕೂತು ಕಿವಿಯಲ್ಲಿ ಒದರಿದಳು. ನಗರದ ಲ್ಯಾಬಿಗೆ ಕಳಿಸಿದ್ದ ಕೀವಿನಲ್ಲಿ ಏನೂ ಬೆಳೆಯಲಿಲ್ಲ ಎಂದು ಬಂದಿತ್ತಲ್ಲ, ಅದು ಸುಳ್ಳಲ್ಲವಂತೆ. ಸಾಮಾನ್ಯ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಬೆಳೆದು ಮುಖ ತೋರಿಸುತ್ತವೆ, ಮಣ್ಣಿನವು ಮೈಗಳ್ಳ, ನಿಧಾನವಾಗಿ ಏಳುತ್ತವೆ, ಅಷ್ಟರೊಳಗೆ ಲ್ಯಾಬಿನವರು ಬೆಳೆಸುವ ತಟ್ಟೆ ತೊಳೆದಿಟ್ಟಿರುತ್ತಾರೆ. ನನಗೆ ಅರ್ಧ ಕೇಳಿಸಿತು, ಅರ್ಧ ಗಾಳಿಗೆ ಹೋಯಿತು. ಆದರೆ ಮದುವೆಯಾದಾಗಿನಿಂದ ಆಕೆ ಇಷ್ಟು ಖುಷಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಆಕೆ ಬೆಕ್ಕಿಗೆ ಮಂಪರು ಕೊಟ್ಟು, ಗಾಯದೊಳಗಿನ ಸತ್ತ ಮಾಂಸವನ್ನು ಕೆರೆದು ತೆಗೆದಳು. ಆ ಕೀವನ್ನು ಗಾಜಿನ ಪಟ್ಟಿಗಳ ಮೇಲೆ ಸವರಿ ತಂದಳು. ನಾನು ಮಧ್ಯಾಹ್ನ ಊಟಕ್ಕೆ ಬಂದರೆ ಒಲೆಯ ಮೇಲೆ ಏನೂ ಇಲ್ಲ, ಕಿಟಕಿಯ ಕಟ್ಟೆಯ ಮೇಲೆ ಆಕೆ ಬಗ್ಗಿದ್ದಾಳೆ.

"ಬರ್ರಿ, ಬರ್ರಿ, ಲಗೂನ ನೋಡ್ರಿ."

ಒಂದು ಕಣ್ಣು ಮುಚ್ಚಿ ನೋಡಿದೆ. ನೇರಳೆ ಬಣ್ಣದ ಸಣ್ಣ ಎಳೆಗಳು, ಟಿಸಿಲೊಡೆದ ಎಳೆಗಳು, ನಡುನಡುವೆ ಮಣಿ ಪೋಣಿಸಿದಂತೆ ಚುಕ್ಕೆ. ಕೀವೆಂದು ಮರೆತುಹೋಯಿತು. ನೋಡುತ್ತಲೇ ನಿಂತುಬಿಟ್ಟೆ.

ಮುಖ್ಯವಾಗಿ ಅನುಮಾನ ಈಗ ಮೂವರ ಮೇಲೆ ಎಂದು ಆಕೆ ಬೆರಳು ಮಡಚಿದಳು. ಒಂದು ಕ್ಷಯದ ಕುಲದ್ದು, ಅದಾದರೆ ಸಾವಕಾರನ ಕಥೆ ಮುಗಿದ ಹಾಗೆ. ಇನ್ನೆರಡು ಎಳೆಯಂತೆ ಬೆಳೆಯುವ ಜಾತಿಯವು: ಬಾಯಲ್ಲಿರುವ ಆಕ್ಟಿನೊಮೈಸಿಸ್, ಮಣ್ಣಿನಲ್ಲಿರುವ ನೊಕಾರ್ಡಿಯಾ. ನೋಡಲು ಎರಡೂ ಒಂದೇ ತರಹ, ಔಷಧ ಮಾತ್ರ ಬೇರೆ ಬೇರೆ. ಒಂದಕ್ಕೆ ಕೊಡುವುದು ಇನ್ನೊಂದಕ್ಕೆ ತಾಗುವುದಿಲ್ಲ. ಬಿಡಿಸಿ ಹೇಳಬೇಕಾದರೆ ಬೇರೆ ಬಣ್ಣ ಹಾಕಿ ನೋಡಬೇಕು. ಆ ಬಣ್ಣ ಅವರ ಆಸ್ಪತ್ರೆಯಲ್ಲಿ ಇರಲಿಲ್ಲ.

"ಅಕ್ಬರಸಾಬರ ಕಡೆ ಇರತೇತಿ," ಎಂದೆ. ಆ ಮಾತು ಹೇಳಿದ್ದಕ್ಕೆ ನನಗೆ ಊಟ ತಪ್ಪಿತು, ಕೂಡಲೇ ಬೈಕು ತೆಗೆಯಬೇಕಾಯಿತು.

ಅಕ್ಬರಸಾಬರು ಕ್ಷಯರೋಗದ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಈಗ ಹಾನಗಲ್ಲಿನ ಪೇಟೆಯಲ್ಲಿ ಚಿಕ್ಕದೊಂದು ಸ್ವಂತ ಲ್ಯಾಬು ಹಾಕಿದ್ದಾರೆ. ಅವರ ಕೆಲಸದ ರೀತಿ ಇದು: ಕಫವನ್ನು ಗಾಜಿನ ಮೇಲೆ ಸವರಿ, ಕೆಂಪು ಬಣ್ಣ ಹಾಕಿ, ಕೆಳಗಿನಿಂದ ಹಬೆ ಬರುವಷ್ಟು ಕಾಯಿಸುವುದು. ಆಮೇಲೆ ಆಸಿಡ್ಡಿನಿಂದ ತೊಳೆಯುವುದು. ಉಳಿದದ್ದೆಲ್ಲ ಬಣ್ಣ ಬಿಟ್ಟುಕೊಡುತ್ತದೆ, ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಕೆಂಪನ್ನು ಬಿಡುವುದಿಲ್ಲ. ಕೊನೆಗೆ ನೀಲಿ ಹಾಕಿದರೆ ನೀಲಿಯ ನಡುವೆ ಕೆಂಪು ಎದ್ದು ಕಾಣುತ್ತದೆ.

"ಜೀವಮಾನ ಎಲ್ಲಾ ಮಂದಿ ಕಫ ನೋಡೇನಿ ಬಾಯಾರ," ಎಂದು ಅವರು ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದರು. "ಬೆಕ್ಕಿಂದು ಇದ ಮೊದಲ. ಕೊಡ್ರಿ, ಅದರದೂ ಒಂದ ಕೈ ನೋಡೂಣು."

ನೀಟಾಗಿ ಬಣ್ಣ ಹಾಕಿದರು, ಕಾಯಿಸಿದರು, ತೊಳೆದರು. ನೋಡಿದರು. ನೀಲಾ ನೋಡಿದಳು. ಮತ್ತೆ ಅವರು ನೋಡಿದರು. ಎಲ್ಲ ನೀಲಿಯೇ ನೀಲಿ. ಕೆಂಪು ಅನ್ನುವುದು ಹೆಸರಿಗೂ ಇರಲಿಲ್ಲ.

"ಏನೂ ಇಲ್ರಿ ಬಾಯಾರ."

ನೀಲಾಳ ಮುಖ ಸಣ್ಣದಾಯಿತು. ಕ್ಷಯದ್ದಲ್ಲ ಎಂದು ಖುಷಿಪಡಬೇಕಿತ್ತು, ಆದರೆ ಹಾಗೆ ನೋಡಿದರೆ ನೊಕಾರ್ಡಿಯಾವೂ ಅಲ್ಲ ಎಂದಂತಾಯಿತು. ಅದೂ ಕೆಂಪು ಹಿಡಿದುಕೊಳ್ಳುವ ಜಾತಿಯದೇ. ಹುತ್ತದ ಮಣ್ಣು, ಹೆಗ್ಗಣ, ಮೈಗಳ್ಳ ಬ್ಯಾಕ್ಟೀರಿಯಾ, ತಾನು ಕಟ್ಟಿಕೊಂಡಿದ್ದೆಲ್ಲ ಸುಳ್ಳಾಯಿತಲ್ಲ ಎಂದು ಆಕೆ ಗಾಜಿನ ಪಟ್ಟಿಯನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು. ಬಸ್ ಸ್ಟ್ಯಾಂಡಿನ ಪಕ್ಕ ಗಾಡಿ ನಿಲ್ಲಿಸಿ ಚಹಾ ಹೇಳಿದೆ. ಆಕೆಗೆ ಸಮಾಧಾನ ಹೇಳುವ ಮಾತು ನನಗೆ ಬರುವುದಿಲ್ಲ, ಆದ್ದರಿಂದ ಮಿರ್ಚಿಯನ್ನೂ ಹೇಳಿದೆ.

ಒಂದು ಗುಟುಕು ಕುಡಿದವಳು ಲೋಟ ಕೆಳಗಿಟ್ಟಳು.

"ರೀ, ನಾವ ತೊಳದುಬಿಟ್ಟೇವಿ."

"ಏನು?"

"ಕೆಂಪು. ಆಸಿಡ್ ಭಾಳ ಖಡಕ್ ಆತು. ಕ್ಷಯದ್ದು ಹಟಮಾರಿ, ಎಂಥಾ ಆಸಿಡ್ ಹಾಕಿದ್ರೂ ಬಣ್ಣ ಬಿಡೂದಿಲ್ಲ. ನೊಕಾರ್ಡಿಯಾ ಅಷ್ಟು ಗಟ್ಟಿ ಅಲ್ಲ, ಸೌಮ್ಯ ಆಸಿಡ್‌ನ್ಯಾಗ ತೊಳದ್ರ ಅಷ್ಟ ಉಳೀತೇತಿ. ಅಕ್ಬರಸಾಬರು ಕಫಕ್ಕ ಹಾಕಿದಂಗ ಹಾಕ್ಯಾರ. ನಾ ಅಲ್ಲೇ ನಿಂತು ನೋಡಾಕತ್ತಿದ್ದೆ, ನನ್ನ ತಲ್ಯಾಗೂ ಬರಲಿಲ್ಲ ನೋಡ್ರಿ."

ಮಿರ್ಚಿ ಬರುವುದಕ್ಕೂ ನಾವು ಎದ್ದು ಓಡುವುದಕ್ಕೂ ಸರಿಹೋಯಿತು. ಹೋಗಿ ನೋಡಿದರೆ ಲ್ಯಾಬಿನ ಬಾಗಿಲು ಹಾಕಿದೆ. ಅವತ್ತು ಶುಕ್ರವಾರ, ಅಕ್ಬರಸಾಬರು ನಮಾಜಿಗೆ ಹೋಗಿದ್ದರು. ನನ್ನ ಹೆಂಡತಿ ಆ ಕಟ್ಟೆಯ ಮೇಲೆ ಕೂರಲಿಲ್ಲ, ನಿಲ್ಲಲಿಲ್ಲ, ಅತ್ತಿಂದಿತ್ತ ಓಡಾಡಿದಳು. ಪಕ್ಕದ ಅಂಗಡಿಯವನು ಯಾರಿಗೆ ಸೀರಿಯಸ್ಸು ಎಂದು ನನ್ನನ್ನು ಮೆಲ್ಲಗೆ ಕೇಳಿದ. ಬೆಕ್ಕಿಗೆ ಎಂದು ಹೇಳಲು ನಾಚಿಕೆಯಾಗಿ ನೆಂಟರಿಗೆ ಎಂದೆ.

ಅಕ್ಬರಸಾಬರು ಬಂದವರು ಮೊದಲು ಒಪ್ಪಲಿಲ್ಲ. "ಆಸಿಡ್ ಇಳಿಸಿದ್ರ ಎಲ್ಲಾ ಕೆಂಪಗ ಕಾಣ್ತೇತಿ ಬಾಯಾರ. ನಮ್ಮ ಕೆಲಸದಾಗ ಅದಕ್ಕ ತಪ್ಪು ಅಂತಾರ."

"ಮಂದಿ ಕಫಕ್ಕ ತಪ್ಪು ಖರೇರಿ ಸಾಹೇಬರ. ಇದಕ್ಕ ಹಿಂಗ ಮಾಡಬೇಕು. ಎಷ್ಟು ಇಳಸೂದು ನಾ ಹೇಳ್ತೇನಿ, ಬಣ್ಣ ನೀವ ಹಾಕ್ರಿ. ನಿಮ್ಮ ಕೈ ನನಗ ಬರೂದಿಲ್ಲ."

ಆಕೆ ಪುಸ್ತಕದಲ್ಲಿ ಓದಿದ್ದನ್ನು ನೆನಪಿಸಿಕೊಂಡು ಹೇಳುತ್ತ ಹೋದಳು, ಅವರು ನೀರಿಗೆ ಒಂದಿಷ್ಟೇ ಆಸಿಡ್ ಬೆರೆಸಿದರು. ಇನ್ನೊಂದು ಗಾಜಿನ ಪಟ್ಟಿಗೆ ಬಣ್ಣ ಬಿತ್ತು. ತೊಳೆದದ್ದು ಎಷ್ಟು ಹಗುರಾಗಿ ಎಂದರೆ ಕೂಸಿಗೆ ನೀರು ಹಾಕಿದ ಹಾಗೆ. ಅಕ್ಬರಸಾಬರು ಕಣ್ಣಿಟ್ಟು ನೋಡಿದರು. ತಿರುಪು ತಿರುಗಿಸಿದರು. ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಯಾ ಅಲ್ಲಾ," ಎಂದರು ಮೆಲ್ಲಗೆ. "ಬರ್ರಿ ಬಾಯಾರ, ನೋಡ್ರಿ."

ನೀಲಿಯ ನಡುವೆ ಗುಲಾಬಿ ಎಳೆಗಳು. ಟಿಸಿಲೊಡೆದು, ಸಿಕ್ಕು ಸಿಕ್ಕಾಗಿ, ಎಲ್ಲಿ ನೋಡಿದರೂ ಗುಲಾಬಿ. ನೀಲಾ ನೋಡಿದಳು, ಅಕ್ಬರಸಾಬರು ಮತ್ತೆ ನೋಡಿದರು, ನಾನು ಇಬ್ಬರನ್ನೂ ಸರಿಸಿ ನೋಡಿದೆ. ನೀಲಾ ಅಳುತ್ತಿದ್ದಳು. ಇಷ್ಟು ವರ್ಷದ ನೌಕರಿಯಲ್ಲಿ ಆಕೆಗೆ ಯಾರೂ ಒಂದು ಒಗಟನ್ನು ಕೊಟ್ಟಿರಲಿಲ್ಲ. ಈಗ ಒಬ್ಬ ರೈತ ಚೀಲದಲ್ಲಿ ತಂದುಕೊಟ್ಟಿದ್ದ, ಆಕೆ ಬಿಡಿಸಿದ್ದಳು. ಯಾಕೆ ಸುಳ್ಳು ಹೇಳಲಿ, ನನಗೂ ಹೆಮ್ಮೆಯಿಂದ ಎದೆ ಬಿರಿಯುವಂತಾಯಿತು.

ಅಕ್ಬರಸಾಬರು ಮೊದಲಿನ ಗಾಜಿನ ಪಟ್ಟಿಯನ್ನು, ಎಲ್ಲ ನೀಲಿಯಾಗಿದ್ದನ್ನು, ಕೆಟ್ಟುಹೋದದ್ದೆಂದು ಡಬ್ಬಿಗೆ ಹಾಕಲು ಹೊರಟಿದ್ದರು. ನೀಲಾ ಅವರ ಕೈ ತಡೆದಳು.

"ಅದನ್ನ ಒಗೀಬ್ಯಾಡ್ರಿ. ನಮಗ ಬೇಕಾಗಿದ್ದು ಅದ. ಈ ಗುಲಾಬಿದೊಂದ ನೋಡಿದ್ರ ಕ್ಷಯದ ಕುಲದ್ದೂ ಇರಬಹುದಿತ್ತು, ಅದೂ ಹಿಂಗ ಕೆಂಪು ಹಿಡೀತೇತಿ. ನಿಮ್ಮ ಖಡಕ್ ಆಸಿಡ್‌ಗೆ ತೊಳದು ಹೋತಲ್ರಿ, ಅದಕ್ಕ ಇದು ಕ್ಷಯ ಅಲ್ಲ ಅಂತ ಹೇಳಾಕ ಧೈರ್ಯ ಬಂತು. ಎರಡೂ ಕೂಡಿದ್ರ ಅಷ್ಟ ಉತ್ತರ."

ಅಂದರೆ ಊಟ ಬಿಟ್ಟು ಮಾಡಿದ ಆ ತಪ್ಪು ಕೆಲಸವೇ ಬೆಕ್ಕಿನ ಪ್ರಾಣ ಉಳಿಸಿತ್ತು. ಅಕ್ಬರಸಾಬರು ಟೋಪಿ ಹಾಕಿಕೊಂಡು, ತಾನು ಮೊದಲೇ ಅದಕ್ಕೇ ಹಾಗೆ ಮಾಡಿದ್ದು ಎಂದು ನನ್ನ ಕಡೆ ನೋಡಿ ನಕ್ಕರು.

ನಗರದ ಲ್ಯಾಬಿಗೆ ಹೊಸದಾಗಿ ಕೀವು ಕಳಿಸಿ, ಈ ಸಲ ತಟ್ಟೆಗಳನ್ನು ವಾರಗಟ್ಟಲೆ ಬಿಡಿ, ಬೇಗ ತೊಳೆಯಬೇಡಿ ಎಂದು ನೀಲಾ ಅವರಿಗೆ ಫೋನಿನಲ್ಲಿ ಬೇಸರವಾಗುವಷ್ಟು ಹೇಳಿದಳು. ಅದು ಬರುವವರೆಗೆ ಕಾಯಲಿಲ್ಲ. ನೊಕಾರ್ಡಿಯಾಕ್ಕೆ ತಾಗುವ ಸಲ್ಫಾ ಗುಳಿಗೆಯನ್ನು ಬೆಕ್ಕಿನ ತೂಕಕ್ಕೆ ಲೆಕ್ಕ ಹಾಕಿ ತುಂಡು ಮಾಡಿ, ಅದೇ ಸಂಜೆ ಚಿಕ್ಕೇರೂರಿಗೆ ಒಯ್ದಳು. ಗುದ್ಲೆಪ್ಪನನ್ನೂ ಸರೋಜವ್ವನನ್ನೂ ಕೂಡಿಸಿಕೊಂಡು ಹೇಳಿದಳು. ಇದು ಮಣ್ಣಿನದು, ಒಬ್ಬರಿಂದ ಒಬ್ಬರಿಗೆ ಸುಮ್ಮಸುಮ್ಮನೆ ಹಾರುವುದಿಲ್ಲ. ಆದರೂ ಗಾಯ ಮುಚ್ಚುವವರೆಗೆ ಬೆಕ್ಕು ದನದ ಹೊಟ್ಟು ತುಂಬುವ ಕೋಣೆಯಲ್ಲಿ ಇರಬೇಕು, ಮುಟ್ಟಿದವರು ಸಾಬೂನು ಹಚ್ಚಿ ಕೈ ತೊಳೆಯಬೇಕು, ಪರಚಿಸಿಕೊಳ್ಳಬಾರದು. ಗಾಯ ಮುಚ್ಚಿದ ಮೇಲೂ ಗುಳಿಗೆ ನಿಲ್ಲಿಸಬಾರದು, ತಿಂಗಳುಗಟ್ಟಲೆ ಕೊಡಬೇಕು. ನಡುವೆ ಬಿಟ್ಟರೆ ಮತ್ತೆ ಏಳುತ್ತದೆ, ಎದ್ದರೆ ಈ ಔಷಧಕ್ಕೆ ಬಗ್ಗುತ್ತದೆ ಎಂಬ ಭರವಸೆ ಇಲ್ಲ.

"ಗಾಯ ಮುಚ್ಚಲಿ, ಆಮ್ಯಾಲ ನೋಡೂಣು," ಎಂದಳು ಸರೋಜವ್ವ. ತನ್ನ ಮಾತಿನಿಂದ ಆಕೆ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ.

ರೋಗ ಕಂಡುಹಿಡಿಯುವುದು ಸುಲಭವಿತ್ತು ಎನ್ನಿಸುವ ಹಾಗೆ ಮಾಡಿದ್ದು ಆ ಗುಳಿಗೆ. ಅದು ಬೇವಿಗಿಂತ ಕಹಿ. ಬಾಯೊಳಗೆ ಹಾಕಿದರೆ ಸಾವಕಾರ ಸೋಪಿನ ನೊರೆಯಂತೆ ಜೊಲ್ಲು ಕಾರಿ ಎಲ್ಲವನ್ನೂ ಹೊರಗೆ ಹಾಕುತ್ತಿತ್ತು. ಹಿಡಿಯಲು ಹೋದ ಗುದ್ಲೆಪ್ಪನ ಮುಂಗೈಯನ್ನು ಪರಚಿ ಗೀರು ಎಳೆಯಿತು. ನೀಲಾ ಆ ಗೀರು ನೋಡಿ ಆತನನ್ನು ಮನುಷ್ಯರ ಡಾಕ್ಟರ ಬಳಿ ತೋರಿಸಿಕೊಳ್ಳಲು ಕಳಿಸಿ, ಇನ್ನು ಹಿಡಿಯಬೇಡಿ, ಪುಡಿ ಮಾಡಿ ಹಾಲಿನಲ್ಲಿ ಇಡಿ ಎಂದಳು. ಆತ ದಿನಾ ಹಾಗೆಯೇ ಮಾಡಿದ. ಬೆಳಿಗ್ಗೆ ಸಂಜೆ ಹೊಟ್ಟಿನ ಕೋಣೆಯಲ್ಲಿ ಬಟ್ಟಲು ಇಟ್ಟು ಹೊಲಕ್ಕೆ ಹೋಗುವುದು, ಬಂದು ನೋಡಿದರೆ ಬಟ್ಟಲು ಖಾಲಿ. ನೀಲಾಳಿಗೆ ಫೋನು ಮಾಡಿ "ಇವತ್ತೂ ಕುಡದೇತ್ರಿ ಅಕ್ಕಾರ" ಎಂದು ವರದಿ ಒಪ್ಪಿಸುವುದು. ಆಕೆ ನನ್ನ ಕಡೆ ತಿರುಗಿ "ಕುಡೀತಂತ" ಎನ್ನುವುದು. ಆಮೇಲಾಮೇಲೆ ಆ ಫೋನು ಬರುವವರೆಗೆ ನನಗೇ ಊಟ ರುಚಿಸುತ್ತಿರಲಿಲ್ಲ. ಬೆಕ್ಕು ಕಂಡರೆ ಆಗದ ನಾನು.

ಗಾಯ ಒಣಗತೊಡಗಿತು. ಒಂದು ತೂತು ಮುಚ್ಚಿತು, ಇನ್ನೊಂದು ಮುಚ್ಚಿತು. ಗಟ್ಟಿ ಚರ್ಮ ಮೆತ್ತಗಾಗುತ್ತ ಬಂತು. ನಗರದ ಲ್ಯಾಬಿನ ಹುಡುಗಿ ವಿದ್ಯಾಶ್ರೀ ಎಂಬಾಕೆ ತಾನೇ ಫೋನು ಮಾಡಿದಳು. ತಟ್ಟೆಯಲ್ಲಿ ಸುಣ್ಣದ ಪುಡಿ ಉದುರಿಸಿದಂತೆ ಬೆಳೆದಿದೆ ಮೇಡಂ, ಮುಚ್ಚಳ ತೆರೆದಾಗ ಮೊದಲ ಮಳೆ ಬಿದ್ದ ಹೊಲದ ವಾಸನೆ ಬಂತು, ನೀವು ಹೇಳಿದ್ದೇ ಸರಿ, ಸಲ್ಫಾ ಔಷಧಕ್ಕೆ ಸಾಯುತ್ತಿದೆ. ನೀಲಾ ಫೋನು ಇಟ್ಟು ಅಡಿಗೆಮನೆಯಲ್ಲಿ ಒಂದು ಸುತ್ತು ಕುಣಿದಳು. ನನ್ನ ಹೆಂಡತಿ ಕುಣಿದದ್ದನ್ನು ಕಂಡವನು ಹಾನಗಲ್ಲಿನಲ್ಲಿ ನಾನೊಬ್ಬನೇ.

ಅಷ್ಟರಲ್ಲಿ ಹೊತ್ತು ನಮ್ಮ ಕೈಮೀರಿತು. ಮಂಜುಳಾಗೆ ಎಣಿಸಿದ್ದಕ್ಕಿಂತ ಮೊದಲೇ ಹಿರೇಕೆರೂರಿನಲ್ಲಿ ಹೆರಿಗೆಯಾಯಿತು, ಹೆಣ್ಣು ಕೂಸು. ತಾಯಿ ಮಗು ಮನೆಗೆ ಬರುವ ದಿನ ಸಾವಕಾರನ ಹೊಟ್ಟೆಯಲ್ಲಿ ಕಡೆಯದೊಂದು ತೂತು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಬೆಳಿಗ್ಗೆಯೇ ಗುದ್ಲೆಪ್ಪ ಫೋನು ಮಾಡಿ ಕೇಳಿದ್ದು ನೀಲಾಳನ್ನಲ್ಲ, ನನ್ನನ್ನು.

"ನಿಮ್ಮ ಗಾಡಿ ತರ್ರಿ. ಬಂಕಾಪುರಕ್ಕ ನೀವ ಬಿಟ್ಟು ಬರ್ರಿ. ನನ್ನ ಕೈಲೆ ಆಗೂದಿಲ್ಲ. ಆಡಿದ ಮಾತು ತಪ್ಪಾಕೂ ಆಗೂದಿಲ್ಲ."

ನಾವಿಬ್ಬರೂ ಹೋದೆವು. ಅಂಗಳದಲ್ಲಿ ಗುದ್ಲೆಪ್ಪ ಬೆಕ್ಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ನೀಲಾ ಗುಳಿಗೆಯ ಮಾತು ಎತ್ತಿದಳು. ಕೋಟೆಯಲ್ಲಿ ಯಾರು ಕೊಡುತ್ತಾರೆ, ನಿಲ್ಲಿಸಿದರೆ ಇದು ಸಾಯುತ್ತದೆ, ನಮ್ಮ ಮನೆಗೆ ಒಯ್ಯುತ್ತೇನೆ ಎಂದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೂ ನಾನು ಬೇಡ ಎನ್ನುತ್ತಿರಲಿಲ್ಲ. ಗುದ್ಲೆಪ್ಪ ಬೆಕ್ಕನ್ನು ಎತ್ತಿ ನನ್ನ ಕೈಗೆ ಕೊಟ್ಟ. ಮೊದಲ ಸಲ ನಾನು ಬೆಕ್ಕೊಂದನ್ನು ಎತ್ತಿಕೊಂಡದ್ದು. ಅದರ ಎದೆ ನನ್ನ ಅಂಗೈಯಲ್ಲಿ ಡಬಡಬ ಹೊಡೆದುಕೊಳ್ಳುತ್ತಿತ್ತು.

ಒಳಗಿನಿಂದ ತುಪ್ಪದ ಘಮ ಬರುತ್ತಿತ್ತು. ಸರೋಜವ್ವ ಬಾಣಂತಿಗೆ ಅಂಟಿನ ಉಂಡೆ ಕಟ್ಟುತ್ತಿದ್ದಳು. ಕೈಯೆಲ್ಲ ತುಪ್ಪ ಮಾಡಿಕೊಂಡೇ ಹೊರಗೆ ಬಂದಳು.

"ಎಲ್ಲಿಗೆ ಹೊಂಟೀರಿ ಅದನ್ನ ತಗೊಂಡು?"

"ನೀವ ಹೇಳಿದ್ರೆಲ್ರಿ," ಎಂದೆ. ಸಿಟ್ಟು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. "ಕೂಸು ಬರೂದ್ರಾಗ ಹೋಗಬೇಕು ಅಂತ."

ಆಕೆ ಗಂಡನ ಕಡೆ ತಿರುಗಿದಳು.

"ದಿನಾ ಹಾಲಿನ್ಯಾಗ ಗುಳಿಗಿ ಹಾಕಿ ಇಟ್ಟು ಹೋಗ್ತಿದ್ರೆಲ್ಲ, ಅದು ಕುಡೀತು ಅಂತ ತಿಳದ್ರೇನು? ಮೂಸಿ ಸೈತ ನೋಡಿಲ್ಲ. ಆ ಹಾಲು ಗಟಾರಕ್ಕ ಚೆಲ್ಲಾಕಿ ನಾನ. ಗಾಯ ಹೆಂಗ ಮುಚ್ಚಿತು ಅನಕೊಂಡೀರಿ?"

ನೀಲಾ ಮೊದಲು ಚೇತರಿಸಿಕೊಂಡಳು. "ಮತ್ತ ಗುಳಿಗಿ?"

ಸರೋಜವ್ವ ಮುಷ್ಟಿ ಬಿಚ್ಚಿ ತೋರಿಸಿದಳು. ಕಡಲೆಕಾಳಿನಷ್ಟು ಸಣ್ಣ ಉಂಡೆ. ಗಟ್ಟಿ ತುಪ್ಪದಲ್ಲಿ ಚಿಟಿಕೆ ಜೋಳದ ಹಿಟ್ಟು ಕಲಸಿದ್ದು, ಒಳಗೆ ಗುಳಿಗೆಯ ತುಂಡು. ಗುಳಿಗೆಯನ್ನು ಆಕೆಯೇ ಡಬ್ಬಿಯಿಂದ ತೆಗೆದುಕೊಳ್ಳುತ್ತಿದ್ದಳಂತೆ. ನನ್ನ ಕೈಯಲ್ಲಿದ್ದ ಸಾವಕಾರ ಆ ವಾಸನೆಗೆ ಕತ್ತು ಚಾಚಿತು, ಆಕೆಯ ಬೆರಳಿನಿಂದ ಉಂಡೆಯನ್ನು ನೆಕ್ಕಿ ನುಂಗಿ, ಇನ್ನೂ ಬೇಕೆಂದು ಕೂಗಿತು. ನೊರೆಯಿಲ್ಲ, ಜೊಲ್ಲಿಲ್ಲ.

"ಕುಬಸಕ್ಕ ತಂದ ತುಪ್ಪ ನೆಕ್ಕಾಕ ಬಂದಿತ್ರಿ, ಅವತ್ತ ಗೊತ್ತಾತು ನನಗ," ಎಂದಳು ನೀಲಾಳಿಗೆ. "ಬಾಣಂತಿ ಉಂಡಿ ಕೊಡಲಿಲ್ಲ ಮತ್ತ. ಅದರಾಗ ದ್ರಾಕ್ಷಿ ಇರತೇತಿ, ಬೆಕ್ಕಿಗೆ ಆಗೂದಿಲ್ಲ ಅಂತ ನೀವ ಒಮ್ಮೆ ಅಂದಿದ್ರಿ. ಇದಕ್ಕ ಬ್ಯಾರೇನ ಕಟ್ಟತೇನಿ."

"ಹೇಳಬೇಕಿಲ್ಲೇನ ನನಗ," ಎಂದ ಗುದ್ಲೆಪ್ಪ. ಆತನ ಕಣ್ಣು ತುಂಬಿ ಮೀಸೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಗುಣ ಆಗ್ತೇತೋ ಇಲ್ಲೋ ಯಾರಿಗೆ ಗೊತ್ತಿತ್ತು? ಆಸೆ ಹಚ್ಚಿ ಆಮ್ಯಾಲ ಅಳಸಲೇನು ನಿಮ್ಮನ್ನ?" ಸರೋಜವ್ವ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಮುಂದೆ ತೋಳು ಚಾಚಿದಳು. "ಕೊಡ್ರಿ ಇಲ್ಲೆ. ಕಡೇ ತೂತು ಮುಚ್ಚೂತನಾ ಹೊಟ್ಟಿನ ಕ್ವಾಣ್ಯಾಗ, ಮುಚ್ಚಿದ ಮ್ಯಾಲ ಒಳಗ. ಔಷಧ ಮುಗಿಯೂತನಾ ಇದರದೂ ಬಾಣಂತನಾನ. ತವರಮನ್ಯಾಗ ಅರ್ಧಕ್ಕ ಎಬ್ಬಿಸಿ ಕಳಸೂ ಪದ್ಧತಿ ನಮ್ಮಲ್ಲಿಲ್ಲ."

ನಾನು ಬೆಕ್ಕನ್ನು ಆಕೆಯ ಕೈಗೆ ಕೊಟ್ಟೆ. ಹೊರಗೆ ಕೂಸನ್ನು ಕರೆತಂದ ಗಾಡಿಯ ಸದ್ದು ಕೇಳಿಸಿತು, ನೀಲಾ ಎಲ್ಲರಿಗಿಂತ ಮೊದಲು ಕೈ ತೊಳೆಯಲು ಬಚ್ಚಲಿಗೆ ಓಡಿದಳು.